ಪಿಸ್ಟನ್ನಿನಡಿ ಬೇಯುವ ಪಂಚರ್

ಲಾರಿ ಎಂಜಿನ್ನಿನ ಹೊಟ್ಟೆಯೊಳಗೆ ವರ್ಷಗಟ್ಟಲೆ ಬೆಂಕಿ ತಿಂದ ಪಿಸ್ಟನ್, ಎಂಜಿನ್ ಗುಜರಿಗೆ ಹೋದ ಮೇಲೂ ಕೆಲಸ ಬಿಟ್ಟಿಲ್ಲ. ಹುಳಿಯಾರಿನಿಂದ ಹಿರಿಯೂರಿಗೆ ಹೋಗುವ ರಸ್ತೆಯ ಪಂಚರ್ ಅಂಗಡಿಯೊಂದರಲ್ಲಿ ಅದು ತಲೆಕೆಳಗಾಗಿ ಕೂತು ಬೈಕಿನ ಟ್ಯೂಬ್ ಬೇಯಿಸುತ್ತಿದೆ. ನೋಡಿ ಬಂದಾಗಿನಿಂದ ಸಿಕ್ಕವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ.

ನಾನು ಹೋದಾಗ ಟಿವಿಎಸ್ ಎಕ್ಸ್‌ಎಲ್ ಒಂದರ ಹಿಂದಿನ ಚಕ್ರ ಬಿಚ್ಚಿತ್ತು. ಹಾಲಿನ ಕ್ಯಾನ್ ಇಳಿಸಿಟ್ಟು ರೈತರೊಬ್ಬರು ಚಡಪಡಿಸುತ್ತಿದ್ದರು. ‘ಬೇಗ ಮಾಡ್ಕೊಡಣ್ಣ, ಡೇರಿ ಮುಚ್ತಾರೆ.’ ಅಂಗಡಿಯ ಯಜಮಾನರು ತಲೆ ಎತ್ತಲಿಲ್ಲ. ‘ಬೇಯೋದು ಬೇಯ್ಲೇಬೇಕಲ್ಲಪ್ಪಾ.’

ಲಿವರ್ ತೂರಿಸಿ ಟೈರಿನ ಅಂಚನ್ನು ರಿಮ್ಮಿನಿಂದ ಎಬ್ಬಿಸಿದರು. ಟ್ಯೂಬ್ ಎಳೆದು, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಅಷ್ಟಷ್ಟೇ ಮುಳುಗಿಸಿದರು. ಗುಳ್ಳೆ ಎದ್ದಿತು. ಟೈರಿನೊಳಗೆ ಬೆರಳಾಡಿಸಿ ಬಳ್ಳಾರಿ ಜಾಲಿಯ ಮುಳ್ಳೊಂದನ್ನು ಕಿತ್ತು ತೋರಿಸಿದರು. ಇದನ್ನು ಮರೆತರೆ ಎಂಥ ಪ್ಯಾಚ್ ಹಾಕಿದರೂ ಮುಂದಿನ ತಿರುವಿನಲ್ಲಿ ಮತ್ತೆ ಪಂಚರ್. ತೂತಿನ ಸುತ್ತ ಅರದಿಂದ ಉಜ್ಜಿ, ಸೊಲ್ಯೂಷನ್ ಸವರಿ, ಕಚ್ಚಾ ರಬ್ಬರಿನ ಸಣ್ಣ ತುಂಡು ಅಂಟಿಸಿದರು.

ಆಮೇಲೆ ಪಿಸ್ಟನ್ ಸರದಿ. ಕೆಳಗೊಂದು ಕಬ್ಬಿಣದ ಪಟ್ಟಿ, ಅದರ ಮೇಲೆ ಟ್ಯೂಬ್, ಅದರ ಮೇಲೆ ಪಿಸ್ಟನ್. ಸಪಾಟಾದ ನೆತ್ತಿ ಪ್ಯಾಚಿನ ಮೇಲೆ ಕೂರುತ್ತದೆ, ಟೊಳ್ಳು ಭಾಗ ಬಟ್ಟಲಾಗಿ ಮೇಲಕ್ಕೆ ಬಾಯಿ ತೆರೆಯುತ್ತದೆ. ಸ್ಕ್ರೂ ತಿರುಗಿಸಿ ಬಿಗಿ ಮಾಡಿ, ಬಟ್ಟಲಿಗೆ ಎಣ್ಣೆ ಸುರಿದು ಕಡ್ಡಿ ಗೀರಿದರು. ಮೊದಲು ಸೀಮೆಎಣ್ಣೆಯಂತೆ, ಈಗ ಅದು ಸಿಗದೆ ಡೀಸೆಲ್ಲಿಗೆ ಚೂರು ಪೆಟ್ರೋಲ್. ಥರ್ಮಾಮೀಟರ್ ಇಲ್ಲ, ಗಡಿಯಾರ ಇಲ್ಲ. ಸುರಿದ ಎಣ್ಣೆ ಎಷ್ಟೋ ಶಾಖವೂ ಅಷ್ಟೇ, ಹೊತ್ತೂ ಅಷ್ಟೇ. ಎಣ್ಣೆ ತೀರಿದರೆ ಬೆಂಕಿ ತಾನಾಗಿ ಆರುತ್ತದೆ. ಎಣ್ಣೆಯ ಅಳತೆಗೂ ಪಾತ್ರೆ ಬೇಕಿಲ್ಲ. ಪಿಸ್ಟನ್ನಿನ ಎರಡು ಪಕ್ಕದಲ್ಲಿ ಪಿನ್ ತೂರಿಸುವ ತೂತುಗಳಿವೆಯಲ್ಲ, ಅವಕ್ಕಿಂತ ಕೆಳಗೇ ನಿಲ್ಲಿಸಬೇಕು. ದಾಟಿದರೆ ಎಣ್ಣೆ ಹೊರಗೆ. ಅದೇ ತೂತುಗಳಿಂದ ಬೆಂಕಿಗೆ ಗಾಳಿಯೂ ಸಿಗುತ್ತದೆ. ಅಲ್ಯೂಮಿನಿಯಂ ಆದ್ದರಿಂದ ಶಾಖ ಬೇಗ ಕೆಳಗಿಳಿದು ಸಮನಾಗಿ ಹರಡುತ್ತದೆ. ಸ್ಕೂಟರಿನ ಪಿಸ್ಟನ್ ಆಗದೇ ಎಂದೆ. ‘ಅದು ಚಿಕ್ದು ಸಾ, ಎಣ್ಣೆ ಹಿಡಿಯಲ್ಲ. ಲಾರೀದೇ ಆಗ್ಬೇಕು.’ ಈ ಉಪಾಯವನ್ನು ಮೊದಲು ಕಂಡ ಮೆಕ್ಯಾನಿಕ್ ಯಾರೋ, ಅವನಿಗೊಂದು ಪ್ರಶಸ್ತಿ ಕೊಡಬೇಕಿತ್ತು.

ಬೇಯುವ ಪ್ಯಾಚಿನೊಳಗೆ ನಡೆಯುವುದು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ ರಸಾಯನವೇ: ಗಂಧಕ ಬೆರೆತ ರಬ್ಬರ್ ಕಾದಾಗ ಅದರ ಎಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆ ಮನುಷ್ಯ 1860ರಲ್ಲಿ ಸಾಲ ಹೊತ್ತೇ ಸತ್ತ. 1898ರಲ್ಲಿ ಹುಟ್ಟಿದ ಗುಡ್‌ಇಯರ್ ಟೈರ್ ಕಂಪನಿ ಅವನ ಹೆಸರನ್ನಷ್ಟೇ ಇಟ್ಟುಕೊಂಡಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಅದನ್ನು ರಿಮ್ಮಿಗೇ ಅಂಟಿಸುತ್ತಿದ್ದರಿಂದ ಪಂಚರ್ ಹಾಕಲು ಗಂಟೆಗಟ್ಟಲೆ, ಅಂಟು ಒಣಗಲು ಒಂದು ರಾತ್ರಿ. ಫ್ರಾನ್ಸಿನ ಮಿಷಲಿನ್ ಸಹೋದರರು 1891ರಲ್ಲಿ ಬಿಚ್ಚಿ ಹಾಕುವ ಟೈರ್ ತಂದರು. ಪಂಚರ್ ಅಂಗಡಿ ಎಂಬ ಕಸುಬು ಸಾಧ್ಯವಾದದ್ದು ಅಲ್ಲಿಂದ.

ಟ್ಯೂಬ್‌ಲೆಸ್ ಟೈರಿಗೆ ಈ ಸಂಭ್ರಮ ಇಲ್ಲ. ಚಕ್ರ ಬಿಚ್ಚುವುದೇ ಬೇಡ. ಮೊಳೆ ಕಿತ್ತು, ತೂತಿಗೆ ಅರ ತಿರುವಿ, ಸ್ಟ್ರಿಪ್ ಚುಚ್ಚಿ, ಹೊರಗುಳಿದದ್ದನ್ನು ಕತ್ತರಿಸಿದರೆ ಮುಗಿಯಿತು. ಗಾಳಿ ಮೆಲ್ಲಗೆ ಇಳಿಯುವುದರಿಂದ ಓಡುವ ಬೈಕ್ ಓಲಾಡಿ ಬೀಳುವ ಭಯವೂ ಕಮ್ಮಿ, ಒಪ್ಪದೆ ವಿಧಿಯಿಲ್ಲ. ಆದರೂ ಹೊರಗಿನಿಂದ ತುರುಕಿದ ಸ್ಟ್ರಿಪ್ಪನ್ನು ನಾನು ದೂರದ ಪ್ರಯಾಣಕ್ಕೆ ನಂಬುವುದಿಲ್ಲ. ಟೈರ್ ಬಿಚ್ಚಿಸಿ ಒಳಗಿನಿಂದ ಅಣಬೆಯಾಕಾರದ ಮಶ್ರೂಮ್ ಪ್ಯಾಚ್ ಹಾಕಿಸುವುದು ಲೇಸು. ಟೈರಿನ ಪಕ್ಕದ ಗೋಡೆಗೇ ತೂತಾಗಿದ್ದರೆ ರಿಪೇರಿಯ ಮಾತೇ ಬೇಡ, ಹೊಸದು ಹಾಕಿಸಿ. ಸಾಮಾನ್ಯ ಕಡ್ಡಿ ಚಕ್ರದ ಗಾಡಿಗಳ ರಿಮ್ಮಿನಲ್ಲಿ ಪ್ರತಿ ಕಡ್ಡಿಗೂ ಒಂದು ತೂತಿರುವುದರಿಂದ ಗಾಳಿ ನಿಲ್ಲದು. ಹಾಗಾಗಿ ಟ್ಯೂಬ್ ಇನ್ನೂ ಉಳಿದಿದೆ, ಪಿಸ್ಟನ್ನೂ.

ಪಂಚರ್ ಅಂಗಡಿಯವರೇ ರಸ್ತೆಗೆ ಮೊಳೆ ಚೆಲ್ಲುತ್ತಾರೆಂಬ ಗುಮಾನಿ ಹಳೆಯದು. ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಎಂಜಿನಿಯರ್ ಒಬ್ಬರು ಆಯಸ್ಕಾಂತ ಹಿಡಿದು ಕಿಲೋಗಟ್ಟಲೆ ಮೊಳೆ ಆರಿಸಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅಲ್ಲಿನ ಕಥೆ ಏನೇ ಇರಲಿ, ಹುಳಿಯಾರಿನ ಸೀಮೆಯಲ್ಲಿ ಯಾರೂ ಮೊಳೆಗೆ ದುಡ್ಡು ಹಾಕಬೇಕಿಲ್ಲ. ಜಾಲಿ ಬೇಲಿಯೇ ಸಾಕು.

ಟ್ಯೂಬ್ ಇರುವ ಗಾಡಿಯವರು ಪಿಸ್ಟನ್ ಇಟ್ಟ ಅಂಗಡಿ ಕಂಡರೆ ಹೀಗೆ ಬೇಯಿಸುವ ಹೀಟ್ ಪ್ಯಾಚನ್ನೇ ಕೇಳಿ ಹಾಕಿಸಿಕೊಳ್ಳಿ, ಆರುವ ತನಕ ಕಾಯಿರಿ. ವಾಲ್ವಿನ ಬುಡವೇ ಹರಿದಿದ್ದರೆ ಮಾತ್ರ ಹೊಸ ಟ್ಯೂಬೇ ಗತಿ. ಹೊಸ ಟೈರ್ ಕೊಳ್ಳುವವರು ಪಕ್ಕದ ಗೋಡೆಯಲ್ಲಿ ತಯಾರಿಕೆಯ ನಾಲ್ಕು ಅಂಕಿ ಹುಡುಕಿ ಓದಿ: 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರದ್ದು. ವರ್ಷಗಟ್ಟಲೆ ಕೊಳೆತ ದಾಸ್ತಾನಾದರೆ, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ ಎನ್ನಿ.