ಊದಿದರೆ ದೀಪ ಆರುತ್ತೆ, ಒಲೆ ಯಾಕೆ ಉರಿಯುತ್ತೆ?

ಊದಿದರೆ ದೀಪ ಆರುತ್ತೆ.
ಅದೇ ಉಸಿರಿಗೆ ಕೆಂಡ ನಿಗಿನಿಗಿ ಅನ್ನುತ್ತೆ.
ಯಾಕೆ ಗೊತ್ತಾ?

ದೀಪದ ಪುಟ್ಟ ಬಿಸಿಯನ್ನು ಗಾಳಿ ಹೊತ್ತೊಯ್ಯುತ್ತೆ.
ಕೆಂಡದಲ್ಲಿ ಬಿಸಿ ತುಂಬಿದೆ.
ಅದಕ್ಕೆ ಬೇಕಿರೋದು ಗಾಳಿಯೊಂದೇ.

ಮುಂಬೈಯ ದಹಿಸರ್ ಫ್ಲ್ಯಾಟಲ್ಲಿ ನಮಗೆ ಗ್ಯಾಸು, ಗೀಸರು.
ಮೇ ರಜೆಗೆ ಊರಿಗೆ ಹೋದರೆ?
ಬಚ್ಚಲು ಒಲೆ, ಊದುಗೊಳವೆ, ಕಣ್ತುಂಬಾ ನೀರು!

ಈಗ ಒಲೆಗೆ ಪುಟ್ಟ ಬ್ಲೋವರ್ ಫ್ಯಾನ್ ಇಡುವವರೂ ಇದ್ದಾರೆ.

ಸೌದೆ ಕಾದಾಗ ಅನಿಲ ಬಿಡುತ್ತೆ.
ಜ್ವಾಲೆಯಾಗಿ ಉರಿಯೋದು ಅದೇ.
ಗಾಳಿ ಸಿಗದಿದ್ದರೆ ಹೊಗೆಯಾಗಿ ಹೊರಟುಬಿಡುತ್ತೆ.

ಸಂಜೆಯ ವಿರಾರ್ ಲೋಕಲ್ ನೆನಪಿಸಿಕೊಳ್ಳಿ.
ದಹಿಸರ್ ಬಂತು, ಬಾಗಿಲು ಸಿಗಲಿಲ್ಲ,
ಇಳಿದದ್ದು ಮೀರಾ ರೋಡಲ್ಲಿ!
ಹೊಗೆ ಅಂದರೆ ಹಾಗೆ ಇಳಿಯಲಾಗದೆ ಹೋದ ಉರುವಲು.
ಫ್ಯಾನ್ ದಾರಿ ಬಿಡಿಸಿಕೊಡುತ್ತೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ
ಪ್ರೊಫೆಸರ್ ಎಚ್.ಎಸ್. ಮುಕುಂದ ಅವರ ತಂಡ
ಫ್ಯಾನನ್ನು ಒಲೆಯೊಳಗೇ ಕೂರಿಸಿತು.
ಹೆಸರು ಊರ್ಜಾ.
ಕೆಳಗಿಂದ ಸ್ವಲ್ಪ ಗಾಳಿ, ಮೇಲಿನ ತೂತುಗಳಿಂದ ಇನ್ನಷ್ಟು.
ಸೌದೆ ಬದಲು ಕೃಷಿ ತ್ಯಾಜ್ಯದ ಗುಳಿಗೆ.
ಸುಮಾರು 4 ಲಕ್ಷ ಒಲೆ ಮಾರಾಟವಾದವು.

ಮನೆಯ ಒಲೆಗೆ ಫ್ಯಾನ್ ಇಡ್ತೀರಾ?
ವೇಗ ಕಡಿಮೆ ಇಡಿ.
ಜಾಸ್ತಿಯಾದರೆ ಬೂದಿ ಹಾರುತ್ತೆ, ಉರಿಯೂ ತಣಿಯುತ್ತೆ,
ದೀಪದ ಕಥೆಯೇ!
ಫ್ಯಾನ್ ದೂರವಿರಲಿ, ಗಾಳಿ ಕಬ್ಬಿಣದ ಕೊಳವೆಯಲ್ಲಿ ಹೋಗಲಿ.
ಹಸಿ ಸೌದೆಗೆ ಮಾತ್ರ ಯಾವ ಫ್ಯಾನೂ ಸಾಲದು.

ಹೊಗೆ ಕಾಣಲಿಲ್ಲ ಅಂತ ಕಿಟಕಿ ಮುಚ್ಚಬೇಡಿ.
ಒಲೆಯಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.