ಮನೆಯಲ್ಲಿ ಮೀನಿನ ತೊಟ್ಟಿ: ಮೊದಲು ನೀರು, ಆಮೇಲೆ ಮೀನು

ಶಾಲೆಗೆ ರಜೆ ಬಿತ್ತೆಂದರೆ ಮಕ್ಕಳ ಹಟ ಶುರುವಾಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಎನ್ನದೆ ಎಲ್ಲ ಕಡೆಯೂ ನಮ್ಮ ಸಮಾಜದ ಮನೆಗಳ ಪಡಸಾಲೆಯಲ್ಲಿ ಗಾಜಿನ ಮೀನಿನ ತೊಟ್ಟಿ ಇಡುವ ಹವ್ಯಾಸ ಬಂದಿದೆ. ಮಕ್ಕಳಿಗೆ ಸಂತೋಷ, ಅಂಗಡಿಯಿಂದ ದಣಿದು ಬಂದ ಯಜಮಾನರಿಗೂ ಹತ್ತು ನಿಮಿಷದ ನೆಮ್ಮದಿ. ಆದರೆ ಅಜ್ಜಿ ಮಾತ್ರ ಒಪ್ಪುವುದಿಲ್ಲ. "ಯಾಕಪ್ಪಾ, ಹೊಳಿಯಾಗ ಆಡೋ ಜೀವಾ ತಂದು ಗಾಜಿನ್ಯಾಗ ಕೂಡಿ ಹಾಕ್ತೀರಿ?" ಎಂದು ಕೇಳುತ್ತಾರೆ.

ಈ ಮಾತನ್ನು ಹಳೆಯ ಕಾಲದವರ ಮಾತೆಂದು ತಳ್ಳಿಹಾಕುವಂತಿಲ್ಲ. ಮೀನು ಪಂಚೇಂದ್ರಿಯ ಜೀವ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಪ್ರಾಣಿಯನ್ನು ಬಂಧಿಸುವುದೂ ಸೇರಿದೆ, ಅನ್ನಪಾನ ತಪ್ಪಿಸುವುದೂ ಸೇರಿದೆ. ತೊಟ್ಟಿ ಇಡಬಹುದೇ ಬಾರದೇ ಎಂಬ ತೀರ್ಪು ಕೊಡಲು ನಾವು ಕುಳಿತಿಲ್ಲ. ಅದನ್ನು ಆಯಾ ಮನೆಯವರು ಹಿರಿಯರನ್ನೂ ತ್ಯಾಗಿಗಳನ್ನೂ ಕೇಳಿ ನಿರ್ಧರಿಸಲಿ. ಆದರೆ ಇಡುವುದೆಂದು ನಿಶ್ಚಯಿಸಿದ ಮೇಲೆ, ತಂದ ಮೀನು ವಾರದೊಳಗೆ ಹೊಟ್ಟೆ ಮೇಲೆ ಮಾಡಿ ತೇಲಬಾರದು. ಹೊಸ ತೊಟ್ಟಿಗಳಲ್ಲಿ ಆಗುವುದು ಹೆಚ್ಚಾಗಿ ಅದೇ. ಮನೆಯವರು "ಮೀನಿಗೆ ರೋಗವಿತ್ತು" ಎನ್ನುತ್ತಾರೆ, ಅಂಗಡಿಯವನು ಮತ್ತೆ ನಾಲ್ಕು ಮೀನು ಕೊಡುತ್ತಾನೆ, ಅವೂ ಸಾಯುತ್ತವೆ. ರೋಗ ಮೀನಿನದಲ್ಲ, ನೀರಿನದು.

ಮೀನು ತನ್ನ ದೇಹದ ಕಲ್ಮಷವನ್ನು ಮುಖ್ಯವಾಗಿ ಕಿವಿರಿನ ಮೂಲಕ ಅಮೋನಿಯಾ ರೂಪದಲ್ಲಿ ನೀರಿಗೇ ಬಿಡುತ್ತದೆ. ಉಳಿದ ಆಹಾರ ಕೊಳೆತರೂ ಅದೇ ಅಮೋನಿಯಾ. ಹೊಳೆಯಲ್ಲಿ ಅದು ಹರಿದು ಹೋಗುತ್ತದೆ, ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು? ಬಣ್ಣವಿಲ್ಲ, ಕಣ್ಣಿಗೆ ನೀರು ಸ್ಫಟಿಕದಂತಿರುತ್ತದೆ. ಒಳಗೆ ಮೀನಿನ ಕಿವಿರು ಸುಡುತ್ತಿರುತ್ತದೆ. ಇದಕ್ಕೆ ಪರಿಹಾರವನ್ನು ಪ್ರಕೃತಿಯೇ ಇಟ್ಟಿದೆ. ಒಂದು ಬಗೆಯ ಸೂಕ್ಷ್ಮಾಣುಗಳು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಅದರಿಂದಾಗುವ ಬಾಧೆ ಬಹಳ ಕಡಿಮೆ, ಗಿಡಗಳಿಗಂತೂ ಗೊಬ್ಬರ. ಈ ಸೂಕ್ಷ್ಮಾಣುಗಳು ಫಿಲ್ಟರಿನ ಸ್ಪಾಂಜಿನಲ್ಲಿ, ಹರಳುಗಳ ಮೇಲೆ, ಗಾಜಿಗೆ ಅಂಟಿಕೊಂಡು ಬದುಕುತ್ತವೆ. ಸಾಕಷ್ಟು ಸಂಖ್ಯೆಯಲ್ಲಿ ಬೆಳೆಯಲು ಅವಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ಆದ್ದರಿಂದ ತೊಟ್ಟಿ ತಂದ ದಿನವೇ ಮೀನು ತರಬಾರದು. ನೀರು ತುಂಬಿ, ಫಿಲ್ಟರ್ ಹಗಲು ರಾತ್ರಿ ಓಡಿಸುತ್ತ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರದ ಪುಡಿ ಹಾಕಬೇಕು. ಅದು ಕೊಳೆತು ಅಮೋನಿಯಾ ಆಗುತ್ತದೆ, ಅದನ್ನುಂಡು ಸೂಕ್ಷ್ಮಾಣುಗಳು ಹೆಚ್ಚುತ್ತವೆ. ನೀರಿನ ಪರೀಕ್ಷೆಯ ಕಿಟ್ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತದೆ. ಮೊದಲು ಅಮೋನಿಯಾ ಏರುತ್ತದೆ, ಆಮೇಲೆ ನೈಟ್ರೈಟ್ ಏರುತ್ತದೆ. ಕೊನೆಗೆ ಎರಡೂ ಸೊನ್ನೆಗೆ ಇಳಿದು ನೈಟ್ರೇಟ್ ಮಾತ್ರ ಕಾಣುತ್ತದೆ. ಅಲ್ಲಿಯವರೆಗೆ ಮೀನಿಲ್ಲ. ಪರಿಚಯದವರ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿರುವ ತೊಟ್ಟಿಯಿದ್ದರೆ ಅವರ ಹಳೆಯ ಸ್ಪಾಂಜಿನ ಒಂದು ತುಂಡನ್ನು ಒದ್ದೆಯಾಗಿಯೇ ತಂದು ನಮ್ಮ ಫಿಲ್ಟರಿನಲ್ಲಿಟ್ಟರೆ ಕೆಲಸ ಬೇಗ ಆಗುತ್ತದೆ. ಮಕ್ಕಳಿಗೆ ಈ ತಿಂಗಳು ಬಹಳ ಉದ್ದವೆನಿಸುತ್ತದೆ. ಪರೀಕ್ಷೆಯ ಅಂಕಿಗಳನ್ನು ಅವರ ಕೈಯಿಂದಲೇ ಒಂದು ವಹಿಯಲ್ಲಿ ಬರೆಸಿರಿ. ಕಿರ್ದಿ ಬರೆಯುವ ಮನೆತನದ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ನಮ್ಮ ಬಯಲುಸೀಮೆಯಲ್ಲಿ ಇನ್ನೊಂದು ತೊಡಕು ಇದೆ. ಬೋರಿನ ನೀರು ಹೆಚ್ಚಾಗಿ ಗಡಸು, ಕ್ಷಾರಗುಣದ್ದು. ನೀರು ಕ್ಷಾರವಾದಷ್ಟೂ ಬಿಸಿಯಾದಷ್ಟೂ ಅಮೋನಿಯಾದ ವಿಷ ಹೆಚ್ಚುತ್ತದೆ. ಸೊಲ್ಲಾಪುರದ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದನ್ನು ಬಲ್ಲೆವು. ಸಾಮಾನ್ಯ ಅಲಂಕಾರದ ಮೀನುಗಳಿಗೆ 24ರಿಂದ 28 ಡಿಗ್ರಿ ಹಿತ. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. ಹೀಗಾಗಿ ಹೊಸದಾಗಿ ಆರಂಭಿಸುವವರು ಬೇಸಿಗೆ ಬಿಟ್ಟು ಮಳೆಗಾಲದಲ್ಲಿ ಆರಂಭಿಸುವುದು ಲೇಸು. ಚಾತುರ್ಮಾಸದಲ್ಲಿ ಮನೆಮಂದಿ ಊರಲ್ಲೇ ಇರುವುದರಿಂದ ನೋಡಿಕೊಳ್ಳಲೂ ಅನುಕೂಲ. ಬೇಸಿಗೆಯಲ್ಲಿ ಮುಚ್ಚಳದ ಬದಲು ಜಾಳಿಗೆ ಹಾಕಿ, ನೀರಿನ ಮೇಲೆ ಚಿಕ್ಕ ಫ್ಯಾನಿನ ಗಾಳಿ ಬಿಟ್ಟರೆ ಎರಡು-ಮೂರು ಡಿಗ್ರಿ ಇಳಿಯುತ್ತದೆ. ಕರೆಂಟು ಹೋದಾಗ ಓಡುವ ಬ್ಯಾಟರಿ ಪಂಪು ಒಂದಿರಲಿ.

ತೊಟ್ಟಿ ಚಿಕ್ಕದಾದರೆ ಸುಲಭ ಎಂಬುದು ತಪ್ಪು ಎಣಿಕೆ. ನೀರು ಕಡಿಮೆಯಿದ್ದಷ್ಟೂ ಬೇಗ ಕೆಡುತ್ತದೆ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿಗೆ 54 ಲೀಟರ್ ಹಿಡಿಯುತ್ತದೆ. ಆರಂಭಕ್ಕೆ ಇದು ಸರಿ. ನೀರೇ 54 ಕಿಲೋ, ಗಾಜು-ಹರಳು ಬೇರೆ. ಆದ್ದರಿಂದ ಮೇಜು ಗಟ್ಟಿಯಿರಲಿ, ಅಡಿಗೆ ಥರ್ಮೋಕೋಲ್ ಹಾಸಿರಿ, ಬಿಸಿಲು ಬೀಳುವ ಕಿಟಕಿ ಬೇಡ. ದುಂಡನೆಯ ಗಾಜಿನ ಬಟ್ಟಲಲ್ಲಿ ಗೋಲ್ಡ್‌ಫಿಶ್ ಇಡುವ ಪದ್ಧತಿಯನ್ನು ನಾವು ಖಂಡಿತ ಒಪ್ಪುವುದಿಲ್ಲ. ಆ ಮೀನು ಅರ್ಧ ಅಡಿಗೂ ಮೀರಿ ಬೆಳೆಯುತ್ತದೆ, ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಇಟಲಿಯ ಮೋಂಝಾ ನಗರ 2004ರಲ್ಲಿ ಇಂಥ ಬಟ್ಟಲುಗಳನ್ನು ನಿಷೇಧಿಸಿತು. ಅಹಿಂಸೆಯನ್ನೇ ಧರ್ಮವೆಂದ ನಮ್ಮ ಮನೆಗಳಿಗೆ ಅಷ್ಟು ಹೊಳೆಯದಿದ್ದರೆ ಹೇಗೆ?

ನಳದ ನೀರಿನ ಕ್ಲೋರಿನ್ ಮೀನಿಗೂ ಸೂಕ್ಷ್ಮಾಣುಗಳಿಗೂ ಮಾರಕ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಡಬೇಕು, ಇಲ್ಲವೆ ಆಂಟಿ-ಕ್ಲೋರಿನ್ ಹನಿ ಹಾಕಬೇಕು. ವಾರಕ್ಕೊಮ್ಮೆ ಕಾಲುಭಾಗ ನೀರು, ಅಂದರೆ ಒಂದು ಬಕೆಟ್, ತೆಗೆದು ಅಷ್ಟೇ ತುಂಬಿದರೆ ಸಾಕು. ತೆಗೆದ ನೀರು ಹೂವಿನ ಗಿಡಕ್ಕೆ ಬಲು ಒಳ್ಳೆಯದು. ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ ಸಾಬೂನು ಹಚ್ಚಿ ತಿಕ್ಕುವ ಶುಚಿತ್ವ ಬೇಡವೇ ಬೇಡ. ತಿಂಗಳು ಕಾದು ಬೆಳೆಸಿದ್ದೆಲ್ಲ ಒಂದೇ ದಿನಕ್ಕೆ ಹೋಗುತ್ತದೆ. ಸ್ಪಾಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಿರಿ.

ಯಾವ ಮೀನು? ಗಡಸು ನೀರಿಗೆ ಒಗ್ಗುವ ಗಪ್ಪಿ, ಪ್ಲಾಟಿ ನಮ್ಮ ಕಡೆಗೆ ಸರಿ. ಆದರೆ ಇವು ಮರಿ ಹಾಕುವ ಜಾತಿ. ಹೆಣ್ಣು ಸುಮಾರು ತಿಂಗಳಿಗೊಮ್ಮೆ ಹತ್ತಾರು ಮರಿ ಹಾಕುತ್ತದೆ, ದೊಡ್ಡ ಮೀನುಗಳೇ ಆ ಮರಿಗಳನ್ನು ನುಂಗುತ್ತವೆ. ಅಂಗಡಿಯಿಂದ ಒಂಟಿ ಹೆಣ್ಣು ತಂದರೂ ಅದು ಮೊದಲೇ ಬಸುರಿಯಾಗಿರಬಹುದು. ಮಕ್ಕಳ ಕಣ್ಣೆದುರು ಇದು ನಡೆಯಬಾರದೆಂದರೆ ಗಂಡುಗಳನ್ನಷ್ಟೇ ತನ್ನಿ. ಗಪ್ಪಿಯಲ್ಲಿ ಬಣ್ಣದ ಬಾಲ ಎದ್ದು ಕಾಣುವುದೂ ಗಂಡಿಗೇ. ಮೊದಲು ಮೂರು, ಎರಡು ವಾರ ನೋಡಿ ಮತ್ತೆ ಮೂರು. ಫೈಟರ್ ಮೀನು, ಆಸ್ಕರ್ ಮೀನು ಮಾಂಸಾಹಾರಿಗಳು, ನಮ್ಮ ಮನೆಗೆ ಹೊಂದುವುದಿಲ್ಲ.

ಆಹಾರದ ವಿಷಯ ಎಲ್ಲಕ್ಕಿಂತ ನಾಜೂಕು. ಡಬ್ಬಿಯಲ್ಲಿ ಬರುವ ಕಾಳುಗಳಲ್ಲಿ ಬಹುತೇಕ ಒಣಮೀನಿನ ಹಿಟ್ಟು ಇರುತ್ತದೆ. ಅದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಓದದೆ ಕೊಳ್ಳಬೇಡಿ. ಅಂಗಡಿಯವನು ಜೀವಂತ ಹುಳುಗಳನ್ನೂ ಮುಂದೆ ಮಾಡುತ್ತಾನೆ, ಬೇಡವೆನ್ನಿ. ಪಾಚಿಯನ್ನೂ ತಿನ್ನುವ ಪ್ಲಾಟಿಗೆ ಸ್ಪಿರುಲಿನಾ ಕಾಳು, ಬೇಯಿಸಿ ಸಿಪ್ಪೆ ತೆಗೆದ ಬಟಾಣಿ, ಪಾಲಕ್ ಕೊಡಬಹುದು. ಆದರೂ ಒಂದು ಸತ್ಯ ಹೇಳಲೇಬೇಕು: ಹೊಳೆಯಲ್ಲಿ ಈ ಮೀನುಗಳು ಹುಳುಹುಪ್ಪಟೆ ತಿಂದೇ ಇರುತ್ತವೆ, ಬರೀ ಸೊಪ್ಪಿನ ಮೇಲೆ ಅವುಗಳ ಆರೋಗ್ಯ ಪೂರ್ತಿ ನಿಲ್ಲುವುದಿಲ್ಲ. ಒಣಮೀನಿನ ಹಿಟ್ಟು ಮನೆಯೊಳಗೆ ಬರಲೇಬಾರದೆನ್ನುವವರು ಮೀನಿಗೆ ನಮ್ಮ ವ್ರತ ಹೊರಿಸುವ ಬದಲು ಮೀನು ತಾರದಿರುವುದೇ ನ್ಯಾಯ. ಇನ್ನು ಅತಿಯಾಗಿ ಹಾಕುವುದೂ ಅಪಾಯವೇ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು. ಕುಂಭೋಜ ಬಾಹುಬಲಿಗೋ ಶ್ರವಣಬೆಳಗೊಳಕ್ಕೋ ಮೂರು ದಿನ ಹೋದರೆ ಬೆಳೆದ ಆರೋಗ್ಯವಂತ ಮೀನು ಆಹಾರವಿಲ್ಲದೆ ಇರಬಲ್ಲದು. ನೆರೆಯವರ ಕೈಗೆ ಡಬ್ಬಿ ಕೊಟ್ಟು ಹೋಗುವುದೇ ಹೆಚ್ಚು ಅಪಾಯ.

ಸಾಕಲು ಆಗದಿದ್ದಾಗ ಅಭಯದಾನವೆಂದು ಕೆರೆಗೆ, ಬಾವಿಗೆ ಬಿಡುವವರಿದ್ದಾರೆ. ಹಾಗೆ ಮಾಡಬೇಡಿ. ಪರದೇಶದ ಸಕರ್ ಮೀನು ಹೀಗೆಯೇ ದೇಶದ ಅನೇಕ ಕೆರೆಗಳನ್ನು ಸೇರಿ ಅಲ್ಲಿನ ಮೀನುಗಳ ಬಾಳು ಕೆಡಿಸಿದೆ. ನೀರು ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಎಲ್ಲಿಯದೋ ನೀರಿಗೆ ಬಿಡದೆ ಅದೇ ಬಾವಿಗೆ ಮರಳಿ ಬಿಡುತ್ತಿದ್ದ ನಮ್ಮ ಹಿರಿಯರ ಎಚ್ಚರ ಇಲ್ಲಿಯೂ ಬೇಕು. ತೊಟ್ಟಿಯಿರುವ ಬೇರೆಯವರಿಗೆ ಕೊಡಿ, ಇಲ್ಲವೆ ಅಂಗಡಿಗೆ ಮರಳಿಸಿ.

ಅಜ್ಜಿಯೂ ಒಪ್ಪಬೇಕು, ಮಕ್ಕಳೂ ನಗಬೇಕು ಎನ್ನುವವರಿಗೆ ಗಿಡಗಳ ತೊಟ್ಟಿ ಇದೆ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ತೊಟ್ಟಿಯ ನೀರನ್ನು ಹದವಾಗಿಟ್ಟಿದ್ದು ವ್ಯಾಲಿಸ್ನೇರಿಯಾ ಎಂಬ ಪಟ್ಟಿಯಂಥ ಎಲೆಯ ನೀರುಗಿಡದಿಂದ. ಅದು ನಮ್ಮ ದೇಶದ ಕೆರೆಗಳಲ್ಲೂ ಬೆಳೆಯುತ್ತದೆ, ಹೈಡ್ರಿಲ್ಲಾ ಕೂಡ. ಹರಳಿನಲ್ಲಿ ನೆಟ್ಟು ದಿನಕ್ಕೆ ಏಳೆಂಟು ಗಂಟೆ ದೀಪ ಹಾಕಿದರೆ ಎರಡು ತಿಂಗಳಲ್ಲಿ ಹಸಿರು ತುಂಬುತ್ತದೆ. ಮೀನಿಲ್ಲದ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಡದಂತೆ ಪಂಪು ಓಡಿಸಿ ನೀರಿನ ಮೇಲ್ಭಾಗ ಸದಾ ಅಲುಗಾಡುತ್ತಿರುವಂತೆ ನೋಡಿಕೊಳ್ಳಿ, ಮೇಲೆ ಸಣ್ಣ ಕಣ್ಣಿನ ಜಾಳಿಗೆಯನ್ನೂ ಹೊದಿಸಿರಿ.