ಶ್ರಮ ಇಂದು, ಕುಸಿತ ನಾಡಿದ್ದು

ಹೊಲದ ಕೆಲಸವಿರಲಿ, ಮನೆಗೆಲಸವಿರಲಿ, ಮಾಡಿದ ದಿನವೇ ಸುಸ್ತಾಗಿ ಒಂದು ರಾತ್ರಿಯ ನಿದ್ದೆಗೆ ಇಳಿಯುವುದು ಸಾಮಾನ್ಯ ದಣಿವು. ಎಂಇ/ಸಿಎಫ್‌ಎಸ್ ಎಂಬ ದೀರ್ಘಕಾಲದ ಕಾಯಿಲೆಯಲ್ಲಿ ಹಾಗಲ್ಲ. ಅಲ್ಲಿ ಶ್ರಮದ ಪೆಟ್ಟು ಹೆಚ್ಚಾಗಿ 12ರಿಂದ 48 ಗಂಟೆ ತಡವಾಗಿ ಬೀಳುತ್ತದೆ, ಬಿದ್ದ ಮೇಲೆ ದಿನಗಟ್ಟಲೆ, ಕೆಲವರಿಗೆ ವಾರಗಟ್ಟಲೆ ಏಳಗೊಡುವುದಿಲ್ಲ. ವೈದ್ಯರು ಇದನ್ನು ಪೋಸ್ಟ್ ಎಕ್ಸರ್ಷನಲ್ ಮಲೇಸ್, ಚಿಕ್ಕದಾಗಿ ಪಿಇಎಂ ಎನ್ನುತ್ತಾರೆ. ರೋಗಿಗಳ ಬಾಯಲ್ಲಿ ಇದು ‘ಕ್ರ್ಯಾಶ್’.

ಕ್ರ್ಯಾಶ್ ಬರೀ ಸುಸ್ತಲ್ಲ. ಮೈಕೈ ನೋವು, ಗಂಟಲು ಕೆರೆತ, ಜ್ವರ ಬಂದಂಥ ಮೈಭಾರ, ಎದ್ದು ನಿಂತರೆ ತಲೆಸುತ್ತು, ಬೆಳಕು ಮತ್ತು ಸದ್ದನ್ನು ತಾಳಲಾಗದಿರುವುದು, ಓದಿದ್ದು ತಲೆಗೆ ಹತ್ತದಿರುವುದು ಎಲ್ಲವೂ ಒಟ್ಟಿಗೆ ಬರಬಹುದು. ಇದಕ್ಕೆ ಭಾರಿ ಶ್ರಮವೇ ಆಗಬೇಕಿಲ್ಲ. ಮಹಡಿ ಹತ್ತಿದ್ದು, ಫೋನಿನಲ್ಲಿ ಬಹಳ ಹೊತ್ತು ಮಾತಾಡಿದ್ದು, ಲೆಕ್ಕಪತ್ರ ನೋಡಿದ್ದು, ಮನೆಯಲ್ಲಿ ನಡೆದ ಜಗಳ, ಇಷ್ಟೇ ಸಾಕಾಗುತ್ತದೆ.

1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸಿಬ್ಬಂದಿಯಲ್ಲಿ ಹರಡಿದ ವಿಚಿತ್ರ ಕಾಯಿಲೆಯ ನಂತರ ಎಂಇ (ಮಯಾಲ್ಜಿಕ್ ಎನ್ಸೆಫಲೊಮೈಲೈಟಿಸ್) ಎಂಬ ಹೆಸರು ಬಳಕೆಗೆ ಬಂತು. ಅಮೆರಿಕದಲ್ಲಿ 1988ರಲ್ಲಿ ಸಿಎಫ್‌ಎಸ್ (ಕ್ರಾನಿಕ್ ಫಟೀಗ್ ಸಿಂಡ್ರೋಮ್) ಎಂಬ ಹೆಸರಿಟ್ಟರು. ರೋಗ ಗುರುತಿಸಲು ಪಿಇಎಂ ಇರಲೇಬೇಕು ಎಂದು ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಹೇಳಿತು. ಕೋವಿಡ್ ಬಂದು ಹೋದ ಮೇಲೆ ತಿಂಗಳುಗಟ್ಟಲೆ ಚೇತರಿಸಿಕೊಳ್ಳದ, ಅಂದರೆ ದೀರ್ಘ ಕೋವಿಡ್ ಇರುವ, ಹಲವರಲ್ಲೂ ಇದೇ ಲಕ್ಷಣ ಕಂಡುಬಂದಿದೆ.

ಸೋಮಾರಿತನ ಅಥವಾ ಮನಸ್ಸಿನ ಭ್ರಮೆ ಎಂಬ ಅನುಮಾನಕ್ಕೆ ಪ್ರಯೋಗಾಲಯದಲ್ಲಿ ಉತ್ತರ ಸಿಕ್ಕಿದೆ. ವ್ಯಾಯಾಮದ ಸೈಕಲ್ ತುಳಿಸಿ ದೇಹ ಬಳಸುವ ಆಮ್ಲಜನಕವನ್ನು ಸತತ ಎರಡು ದಿನ ಅಳೆದರೆ, ಆರೋಗ್ಯವಂತರ ಅಂಕಿಗಳು ಎರಡೂ ದಿನ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಈ ರೋಗಿಗಳಲ್ಲಿ ಅನೇಕರ ಅಂಕಿ ಎರಡನೆಯ ದಿನ ಇಳಿಯುತ್ತದೆ. ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೀರ್ಘ ಕೋವಿಡ್ ರೋಗಿಗಳ ಸ್ನಾಯುವಿನ ತುಣುಕುಗಳನ್ನು ಸೈಕಲ್ ಪರೀಕ್ಷೆಯ ಮುಂಚೆ ಮತ್ತು ಮರುದಿನ ಪರೀಕ್ಷಿಸಲಾಯಿತು. ಪರೀಕ್ಷೆಯ ನಂತರ ಸ್ನಾಯುಗಳ ಹಾನಿ ಹೆಚ್ಚಿತ್ತು, ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಗಳ ಕೆಲಸ ಕುಗ್ಗಿತ್ತು.

‘ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ನಡೆಯಿರಿ’ ಎಂಬ ಸಲಹೆ ಇಂಥವರಿಗೆ ತಿರುಗಿ ಹೊಡೆಯುವುದು ಇದರಿಂದಲೇ. ನಿಗದಿತ ಪ್ರಮಾಣದಲ್ಲಿ ವ್ಯಾಯಾಮ ಏರಿಸುತ್ತ ಹೋಗುವ ಚಿಕಿತ್ಸೆಯನ್ನು ಈ ಕಾಯಿಲೆಗೆ ಕೊಡಬಾರದೆಂದು ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ತಿಳಿಸಿತು. ಈಗ ಹೇಳುವುದು ಪೇಸಿಂಗ್: ಮೈಯಲ್ಲಿ ಇರುವ ತ್ರಾಣದ ಮಿತಿಯೊಳಗೇ ದಿನ ಕಳೆಯುವುದು, ಸುಸ್ತಾಗುವ ಮೊದಲೇ ಕೂರುವುದು.

ಮಿತಿ ಎಲ್ಲಿದೆ ಎಂದು ತಿಳಿಯುವುದೇ ಕಷ್ಟ. ಕೆಲಸಕ್ಕೂ ಕುಸಿತಕ್ಕೂ ನಡುವೆ ಒಂದೆರಡು ದಿನ ಇರುವುದರಿಂದ ನೆನಪು ತಪ್ಪು ಕಾರಣವನ್ನು ತೋರಿಸುತ್ತದೆ. ಹಾಗಾಗಿ ದಿನಚರಿ ಬೇಕಾಗುತ್ತದೆ. ಅದರಲ್ಲಿ ನಿದ್ದೆ, ಮಾಡಿದ ಕೆಲಸ, ನಿಂತ ಹೊತ್ತು, ತಲೆಗೆ ಕೊಟ್ಟ ಕೆಲಸ, ಮುಖ್ಯ ಲಕ್ಷಣಗಳು, ಹತ್ತಕ್ಕೆ ಇಷ್ಟು ಎಂದು ದಣಿವಿನ ಅಂಕ ಇದ್ದರೆ ಸಾಕು.

ಒಂದು ಮಾದರಿ ಪುಟ ಹೀಗಿರಬಹುದು. ಮಂಗಳವಾರ: ತಲೆಗೆ ಸ್ನಾನ, ಆಮೇಲೆ ಬ್ಯಾಂಕಿನ ಕ್ಯೂನಲ್ಲಿ 20 ನಿಮಿಷ, ದಣಿವು 4. ಬುಧವಾರ: ಬಟ್ಟೆ ಮಡಿಸಿದ್ದಷ್ಟೇ, ದಣಿವು 5. ಗುರುವಾರ: ಏಳಲಾಗಲಿಲ್ಲ, ಗಂಟಲು ನೋವು, ದಣಿವು 9. ಮೇಲ್ನೋಟಕ್ಕೆ ಬಟ್ಟೆ ಮಡಿಸಿದ್ದೇ ಹೆಚ್ಚಾಯಿತು ಎನಿಸುತ್ತದೆ; ಎರಡು ದಿನ ಹಿಂದಕ್ಕೆ ಬೆರಳಿಟ್ಟರೆ ಸ್ನಾನ ಮತ್ತು ಕ್ಯೂ ಸಿಗುತ್ತವೆ. ಒಂದು ಸಲ ಹೀಗಾದರೆ ಕಾಕತಾಳೀಯವಿರಬಹುದು. ಅದೇ ಜೋಡಿ ಮತ್ತೆ ಮತ್ತೆ ಕುಸಿತಕ್ಕೆ ಮುಂಚೆ ಕಂಡರೆ ಅವೆರಡನ್ನು ಬೇರೆ ಬೇರೆ ದಿನಕ್ಕೆ ಹಾಕಬೇಕು, ಬಚ್ಚಲಲ್ಲಿ ಸ್ಟೂಲ್ ಇಟ್ಟು ಕೂತೇ ಸ್ನಾನ ಮಾಡಬೇಕು, ಬ್ಯಾಂಕಿಗೆ ಬೇರೆಯವರನ್ನು ಕಳಿಸಬೇಕು.

ಕೆಲವರು ಕೈಗಡಿಯಾರದಂಥ ಸಾಧನದಲ್ಲಿ ಹೃದಯಬಡಿತವನ್ನೂ ನೋಡಿಕೊಳ್ಳುತ್ತಾರೆ. ಕ್ಯಾಲಿಫೋರ್ನಿಯದ ವರ್ಕ್‌ವೆಲ್ ಫೌಂಡೇಶನ್ ಪ್ರಕಾರ, ಬೆಳಿಗ್ಗೆ ಹಾಸಿಗೆಯಲ್ಲಿರುವಾಗಲೇ ನೋಡಿದ ಬಡಿತದ ಒಂದು ವಾರದ ಸರಾಸರಿಗೆ 15 ಸೇರಿಸಿದರೆ ದಾಟಬಾರದ ಗೆರೆ ಸಿಗುತ್ತದೆ. ಸರಾಸರಿ 70 ಇದ್ದವರು ಬಡಿತ 85 ಮುಟ್ಟಿದ ಕೂಡಲೇ ಕೆಲಸ ನಿಲ್ಲಿಸಬೇಕು. ಹೃದಯಬಡಿತ ತಗ್ಗಿಸುವ ಬೀಟಾ ಬ್ಲಾಕರ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಲೆಕ್ಕ ನೇರವಾಗಿ ಹೊಂದುವುದಿಲ್ಲ. ಓದು, ಮಾತು, ಚಿಂತೆಯ ದಣಿವನ್ನೂ ಇದು ಸರಿಯಾಗಿ ಹಿಡಿಯದು.

ಬರೆಯುವುದೂ ಶ್ರಮವೇ ಆದ್ದರಿಂದ ದಿನಕ್ಕೆ ಎರಡು ಸಾಲು ಸಾಕು. ಕುಸಿತದ ದಿನಗಳಲ್ಲಿ ಅಂಕವನ್ನಷ್ಟೇ ಮನೆಯವರು ಗುರುತು ಹಾಕಬಹುದು. ಎಚ್ಚರ ಹೆಚ್ಚು ಬೇಕಾಗುವುದು ಮೈ ಹಗುರಾದ ದಿನ. ಬಾಕಿ ಉಳಿದದ್ದನ್ನೆಲ್ಲ ಅಂದೇ ಮುಗಿಸುವ ಆತುರವೇ ಮುಂದಿನ ಕುಸಿತಕ್ಕೆ ದಾರಿ. ಪೇಸಿಂಗ್ ಫಲ ಕೊಡುತ್ತಿದೆಯೇ ಎಂಬುದನ್ನು ಮಾಡಿದ ಕೆಲಸದಿಂದ ಅಳೆಯದೆ, ಕುಸಿತಗಳು ಕಡಿಮೆಯಾದವೇ, ಬೇಗ ಇಳಿದವೇ ಎಂದು ನೋಡಬೇಕು.

ಈ ಕಾಯಿಲೆಯನ್ನು ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಇಲ್ಲ. ಆದರೆ ಬಿಡದ ಸುಸ್ತೆಲ್ಲ ಇದೇ ಕಾಯಿಲೆಯೂ ಅಲ್ಲ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ವಿಟಮಿನ್ ಬಿ12 ಕೊರತೆಗಳನ್ನು ಮೊದಲು ಪರೀಕ್ಷಿಸಿಕೊಳ್ಳಬೇಕು. ವೈದ್ಯರ ಬಳಿ ಹೋಗುವಾಗ ಒಂದು ತಿಂಗಳ ದಿನಚರಿ ಜೊತೆಗಿದ್ದರೆ, ಬಾಯಿಮಾತಿನಲ್ಲಿ ಹೇಳಲಾಗದ ತಡವಾದ ಕುಸಿತ ಅವರ ಕಣ್ಣಿಗೂ ಬೀಳುತ್ತದೆ. ಎದೆನೋವು, ಉಸಿರಾಟದ ತೊಂದರೆ, ಎಚ್ಚರ ತಪ್ಪುವುದು ಹೊಸದಾಗಿ ಕಾಣಿಸಿಕೊಂಡರೆ ಅದನ್ನು ಕ್ರ್ಯಾಶ್ ಎಂದುಕೊಂಡು ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.